ಗಿರಿಜನ ಎಂದರೆ ಯಾರು?



‘ಗಿರಿಜನರಿಗೆ ಮನೆ ಹಂಚಿಕೆ’, ‘ಗಿರಿಜನ ಹಾಡಿಗೆ ರಸ್ತೆ ಇಲ್ಲ’, ‘ಗಿರಿಜನ ಮಕ್ಕಳಿಗೆ ಶಿಬಿರ’. ಇಂಥ ತಲೆಬರಹಗಳನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ, ವಾರ್ತೆಗಳಲ್ಲಿ ಕೇಳಿದ್ದೀರಿ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗಂತೂ ಇದು ದಿನ ಬೆಳಗಾದರೆ ಕಿವಿಗೆ ಬೀಳುವ ಪದ. ಇಷ್ಟು ಬಳಕೆಯ ಪದಕ್ಕೆ ಅರ್ಥವನ್ನು ಬೇರೆ ಕೇಳಬೇಕೆ ಎಂದು ನಿಮಗೆ ಅನ್ನಿಸಬಹುದು. ಒಮ್ಮೆ ಕೇಳಿಯೇ ನೋಡೋಣ.

ಗಾವಡಗೆರೆಯ ಹೈಸ್ಕೂಲು ಹುಡುಗನೊಬ್ಬ ‘ಗಿರಿಜನ ಅಂದ್ರೆ ಯಾರು ಸಾರ್?’ ಎಂದು ನಿಮ್ಮನ್ನು ಕೇಳಿದ ಎಂದಿಟ್ಟುಕೊಳ್ಳಿ. ‘ಗಿರಿ ಅಂದರೆ ಬೆಟ್ಟ, ಬೆಟ್ಟದಲ್ಲಿ ಇರುವ ಜನ’ ಎಂದು ನೀವು ಹೇಳಬಹುದು. ಆದರೆ ಅವನ ತಾಲ್ಲೂಕಿನಲ್ಲೇ ಹನಗೋಡು ಹೋಬಳಿಯ ಆಚೆ, ನಾಗರಹೊಳೆ ಕಾಡಿನ ಅಂಚಿನಲ್ಲಿರುವ ಹಾಡಿಗಳು ಯಾವ ಗಿರಿಯ ಮೇಲೂ ಇಲ್ಲ. ಕಬಿನಿ ಹಿನ್ನೀರಿನ ಸುತ್ತಲಿನ ಹಾಡಿಗಳೂ ಹೆಚ್ಚುಕಡಿಮೆ ತಗ್ಗಿನ ನೆಲದವೇ. ‘ಹಾಗಲ್ಲ, ಕಾಡಿನಲ್ಲಿ ಇರುವ ಜನ’ ಎಂದು ನೀವು ತಿದ್ದಿಕೊಳ್ಳಬಹುದು. ಹಾಗಾದರೆ ಕಾಡಿನಿಂದ ಹೊರಗೆ ತಂದು ನೆಲೆಗೊಳಿಸಿದ ಹುಣಸೂರು ತಾಲ್ಲೂಕಿನ ನಾಗಾಪುರದ ಜನ ಗಿರಿಜನರಲ್ಲವೇ? ಆ ಜಾಗದ ಹೆಸರೇ ‘ಗಿರಿಜನ ಪುನರ್ವಸತಿ ಕೇಂದ್ರ’. ಕೊನೆಗೆ ನೀವು ‘ಪರಿಶಿಷ್ಟ ಪಂಗಡದವರು’ ಎಂದರೆ, ಹುಡುಗ ತನ್ನ ಪಕ್ಕದಲ್ಲಿ ಕೂತ ನಾಯಕರ ಗೆಳೆಯನ ಕಡೆಗೆ ಬೆರಳು ತೋರಿಸುತ್ತಾನೆ. ಅವನೂ ಪರಿಶಿಷ್ಟ ಪಂಗಡದವನೇ. ಆದರೆ ಅವನನ್ನು ಊರಿನಲ್ಲಿ ಯಾರೂ ಗಿರಿಜನ ಎನ್ನುವುದಿಲ್ಲ.

ಮೂರು ಉತ್ತರಗಳಲ್ಲಿ ಒಂದೂ ನಿಲ್ಲಲಿಲ್ಲ. ಆದರೂ ಪದ ಮಾತ್ರ ದಿನವೂ ನಡೆಯುತ್ತಿದೆ. ಹೀಗೆ ನಡೆಯುವ ಪದಗಳಿಂದ ಏನು ಅನುಕೂಲ, ಏನು ತೊಂದರೆ ಎಂಬುದೇ ಈ ಬಾರಿಯ ವಿಚಾರ.

ಒಟ್ಟುಹೆಸರಿನ ಒಳಗೆ

ಹಲವು ಗುಂಪುಗಳನ್ನು ಒಂದೇ ಮಾತಿನಲ್ಲಿ ಕರೆಯುವ ಪದವನ್ನು ನಾವು ಇಲ್ಲಿ ‘ಒಟ್ಟುಹೆಸರು’ ಎನ್ನೋಣ. ಹುಣಸೂರು ಮತ್ತು ಕೋಟೆ ಸೀಮೆಯಲ್ಲಿ ‘ಗಿರಿಜನ’ ಎಂಬ ಒಟ್ಟುಹೆಸರಿನ ಒಳಗೆ ಜೇನುಕುರುಬರಿದ್ದಾರೆ, ಬೆಟ್ಟಕುರುಬರಿದ್ದಾರೆ, ಎರವರಿದ್ದಾರೆ, ಪಣಿಯರಿದ್ದಾರೆ, ಸೋಲಿಗರಿದ್ದಾರೆ. ಜೇನುಕುರುಬರ ನುಡಿ ಬೇರೆ, ಎರವರ ನುಡಿ ಬೇರೆ. ಎರವರು ತಮ್ಮವರ ನಡುವೆ ತಮ್ಮನ್ನು ‘ರಾವುಳ’ ಎಂದು ಕರೆದುಕೊಳ್ಳುತ್ತಾರೆ. ಅದೇ ಜನಕ್ಕೆ ಗಡಿಯಾಚೆಯ ವಯನಾಡಿನಲ್ಲಿ ‘ಅಡಿಯ’ ಎಂಬ ಹೆಸರಿದೆ. ನಾವು ‘ಹಾಡಿ’ ಎನ್ನುವ ವಸತಿಗೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ‘ಪೋಡು’ ಎನ್ನುತ್ತಾರೆ.

ಇನ್ನು ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರಕ್ಕೆ ಹೋಗಿ. ಅಲ್ಲಿ ಹಕ್ಕಿಪಿಕ್ಕಿ ಜನರಿದ್ದಾರೆ. ಅವರ ಮನೆಮಾತು ವಾಗ್ರಿ. ಗುಜರಾತಿಗೆ ಹತ್ತಿರದ ಭಾಷೆ. ಕಾಡಿನ ಜೇನು ಬಿಡಿಸುವ ಬದುಕಿಗೂ ದೇಶದೇಶ ತಿರುಗಿ ಗಿಡಮೂಲಿಕೆ ಎಣ್ಣೆ ಮಾರುವ ಅವರ ಬದುಕಿಗೂ ಸಂಬಂಧವೇ ಇಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನ್ ದೇಶದಲ್ಲಿ ಕಾಳಗ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದದ್ದು ನಿಮಗೆ ನೆನಪಿರಬಹುದು. ಆಗ ಅವರೇ ಒಂದು ಸುದ್ದಿಯಲ್ಲಿ ‘ಹಕ್ಕಿಪಿಕ್ಕಿ’ಗಳಾದರು, ಇನ್ನೊಂದರಲ್ಲಿ ‘ಬುಡಕಟ್ಟು ಜನ’ರಾದರು, ಮತ್ತೊಂದರಲ್ಲಿ ‘ಕನ್ನಡಿಗರು’ ಆದರು. ಮೂರೂ ಸುಳ್ಳಲ್ಲ. ನೋಡುವವರು ಎಷ್ಟು ದೂರದಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಹೆಸರು ಬದಲಾಯಿತು, ಅಷ್ಟೆ.

ಒಟ್ಟುಹೆಸರು ತಪ್ಪಲ್ಲ. ವಿಜ್ಞಾನಕ್ಕೂ ಅದಿಲ್ಲದೆ ನಡೆಯದು. ರಸಾಯನಶಾಸ್ತ್ರದಲ್ಲಿ ‘ಲೋಹ’ ಎಂಬುದು ಒಂದು ಒಟ್ಟುಹೆಸರು. ಗಟ್ಟಿ ಕಬ್ಬಿಣವೂ ಲೋಹ, ಹರಿಯುವ ಪಾದರಸವೂ ಲೋಹ. ವಿದ್ಯುತ್ತನ್ನು ಸರಾಗವಾಗಿ ಸಾಗಿಸುವುದು, ಹೊಳೆಯುವುದು ಮುಂತಾದ ಗುಣಗಳನ್ನು ಹೇಳಬೇಕಾದಾಗ ಈ ಒಂದು ಪದ ಸಾಕು. ಆದರೆ ಔಷಧಿ ಅಂಗಡಿಯವನು ‘ಯಾವುದೋ ಒಂದು ಲೋಹ ಕೊಟ್ಟಿದ್ದೇನೆ, ಸೇವಿಸಿ’ ಎಂದರೆ ನೀವು ಸೇವಿಸುತ್ತೀರಾ?

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಜೇನನ್ನೇ ತೆಗೆದುಕೊಳ್ಳಿ. ನಮಗೆಲ್ಲ ಅದು ಬರೀ ‘ಜೇನುಹುಳು’. ಕಾಡಿನ ಒಡನಾಟ ಇರುವವರಿಗೆ ಹೆಜ್ಜೇನು ಬೇರೆ, ತುಡುವೆ ಬೇರೆ, ಕೋಲುಜೇನು ಬೇರೆ, ನಸರುಜೇನು ಬೇರೆ. ಹೆಜ್ಜೇನು ಎತ್ತರದ ಮರದಲ್ಲಿ, ಬಂಡೆಯ ಅಡಿಯಲ್ಲಿ ಬಯಲಿಗೇ ಹಲ್ಲೆ ಕಟ್ಟುತ್ತದೆ. ಕೆರಳಿದರೆ ಪ್ರಾಣಕ್ಕೇ ಅಪಾಯ. ತುಡುವೆ ಪೊಟರೆಯೊಳಗೆ ಇರುತ್ತದೆ, ಪೆಟ್ಟಿಗೆಯಲ್ಲೂ ಸಾಕಬಹುದು. ನಸರಿಗೆ ಚುಚ್ಚುವ ಮುಳ್ಳೇ ಕೆಲಸಕ್ಕಿಲ್ಲ. ‘ಜೇನು ಬಂತು’ ಎಂದು ಯಾರಾದರೂ ಕೂಗಿದಾಗ ಓಡಬೇಕೋ ನಿಲ್ಲಬೇಕೋ ಎಂಬುದನ್ನು ಆ ಒಟ್ಟುಹೆಸರು ತಿಳಿಸುವುದಿಲ್ಲ. ಅದಕ್ಕೆ ಒಳಗಿನ ಹೆಸರೇ ಬೇಕು.

ಲೋಹಕ್ಕಾಗಲಿ ಜೇನಿಗಾಗಲಿ ತನ್ನ ಹೆಸರಿನ ಬಗ್ಗೆ ಅಭಿಪ್ರಾಯವಿಲ್ಲ. ಮನುಷ್ಯರಿಗೆ ಇದೆ. ಸಮಸ್ಯೆ ಶುರುವಾಗುವುದು ಅಲ್ಲಿಂದ.

ಅಮೆರಿಕದ ಒಂದು ಪದ

ಈ ತೊಡಕು ನಮ್ಮದು ಮಾತ್ರವಲ್ಲ. ಇಂಗ್ಲಿಷ್ ಪತ್ರಿಕೆ ಓದುವವರು ‘ಲ್ಯಾಟಿನೋ’ ಎಂಬ ಪದವನ್ನು ಕಂಡಿರುತ್ತೀರಿ. ಅಮೆರಿಕದ ಚುನಾವಣೆ ಬಂತೆಂದರೆ ‘ಲ್ಯಾಟಿನೋ ಮತಗಳು ಯಾರಿಗೆ?’ ಎಂಬ ಚರ್ಚೆ ತಪ್ಪದು. ಮೆಕ್ಸಿಕೋ, ಕ್ಯೂಬಾ, ಪೋರ್ಟೊ ರಿಕೊ, ಗ್ವಾಟೆಮಾಲಾ, ಕೊಲಂಬಿಯಾ ಮುಂತಾದ ಲ್ಯಾಟಿನ್ ಅಮೆರಿಕದ ನಾಡುಗಳ ಮೂಲದವರು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿದಾಗ ಅವರಿಗೆಲ್ಲ ಸೇರಿ ಸಿಕ್ಕ ಒಟ್ಟುಹೆಸರು ಅದು. ‘ಲ್ಯಾಟಿನೋ ಅಮೆರಿಕಾನೋ’ ಎಂಬ ಸ್ಪ್ಯಾನಿಷ್ ಪದದ ಮೊಟಕು ರೂಪ. ಪುರುಷನಾದರೆ ಲ್ಯಾಟಿನೋ, ಮಹಿಳೆಯಾದರೆ ಲ್ಯಾಟಿನಾ.

ಇದರ ಜೊತೆಗೆ ‘ಹಿಸ್ಪಾನಿಕ್’ ಎಂಬ ಇನ್ನೊಂದು ಪದವೂ ಇದೆ. ಅನೇಕರು ಎರಡನ್ನೂ ಒಂದೇ ಎಂಬಂತೆ ಬರೆಯುತ್ತಾರೆ. ಆದರೆ ಹಿಸ್ಪಾನಿಕ್ ಎಂಬುದು ಸ್ಪ್ಯಾನಿಷ್ ಭಾಷೆಯ ನಂಟಿನಿಂದ ಬಂದದ್ದು, ಲ್ಯಾಟಿನೋ ಎಂಬುದು ನೆಲದ ನಂಟಿನಿಂದ ಬಂದದ್ದು. ಸ್ಪೇನ್ ದೇಶದವರು ಹಿಸ್ಪಾನಿಕ್ ಆಗುತ್ತಾರೆ, ಲ್ಯಾಟಿನೋ ಆಗುವುದಿಲ್ಲ. ಬ್ರೆಜಿಲಿನವರು ಪೋರ್ಚುಗೀಸ್ ಆಡುತ್ತಾರೆ. ಆದ್ದರಿಂದ ಅವರು ಲ್ಯಾಟಿನೋ ಆಗಬಹುದು, ಹಿಸ್ಪಾನಿಕ್ ಆಗುವುದು ಕಷ್ಟ. ಗಿರಿ, ಕಾಡು, ಪಟ್ಟಿ ಎಂಬ ಮೂರು ಅಳತೆಗಳ ನಡುವೆ ನಮ್ಮ ಗಾವಡಗೆರೆಯ ಹುಡುಗ ಸಿಕ್ಕಿಕೊಂಡ ಹಾಗೆಯೇ ಇದೂ.

ಅಲ್ಲಿಯೂ ಪದ ಗಟ್ಟಿಯಾದದ್ದು ಸರ್ಕಾರಿ ನಮೂನೆಯಿಂದ. 1977ರಲ್ಲಿ ಅಮೆರಿಕದ ಸರ್ಕಾರ ತನ್ನ ಇಲಾಖೆಗಳ ಅಂಕಿಅಂಶಕ್ಕೆ ‘ಹಿಸ್ಪಾನಿಕ್’ ಎಂಬ ವರ್ಗವನ್ನು ಗೊತ್ತುಪಡಿಸಿತು. 1980ರ ಜನಗಣತಿಯಲ್ಲಿ ಈ ಪ್ರಶ್ನೆಯನ್ನು ಎಲ್ಲರಿಗೂ ಕೇಳಿದರು. 1997ರಲ್ಲಿ ‘ಹಿಸ್ಪಾನಿಕ್ ಅಥವಾ ಲ್ಯಾಟಿನೋ’ ಎಂದು ತಿದ್ದಿದರು. 2020ರ ಜನಗಣತಿಯಲ್ಲಿ ಈ ಕಾಲಂನಲ್ಲಿ ಬಂದವರು 6 ಕೋಟಿ 20 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೆಕ್ಸಿಕೋ ಮೂಲದವರು. ಆದ್ದರಿಂದ ‘ಲ್ಯಾಟಿನೋಗಳ ಸರಾಸರಿ’ ಎಂದು ಯಾವ ಅಂಕಿಯನ್ನು ಬರೆದರೂ ಅದರಲ್ಲಿ ದೊಡ್ಡ ಪಾಲು ಮೆಕ್ಸಿಕೋದವರದೇ ಇರುತ್ತದೆ.

ಈ ಕಥೆಗೆ ಇನ್ನೊಂದು ತಿರುವಿದೆ. ಗಂಡು ಹೆಣ್ಣೆಂಬ ಭೇದ ಬೇಡವೆಂದು ಕೆಲವರು ಈಚೆಗೆ ‘ಲ್ಯಾಟಿನೆಕ್ಸ್’ ಎಂಬ ಹೊಸ ರೂಪ ತಂದರು. ವಿಶ್ವವಿದ್ಯಾಲಯಗಳಲ್ಲಿ, ಇಂಗ್ಲಿಷ್ ಬರಹಗಳಲ್ಲಿ ಅದು ಹರಡಿತು. ಉದ್ದೇಶ ಒಳ್ಳೆಯದೇ. ಆದರೆ ಪ್ಯೂ ಸಂಶೋಧನಾ ಕೇಂದ್ರದ 2023ರ ಸಮೀಕ್ಷೆಯಲ್ಲಿ ಆ ಪದವನ್ನು ತಮಗಾಗಿ ಬಳಸುತ್ತೇವೆ ಎಂದವರು ಆ ಸಮುದಾಯದಲ್ಲಿ ನೂರಕ್ಕೆ 4 ಮಂದಿ ಮಾತ್ರ. ಯಾರಿಗಾಗಿ ಹೆಸರನ್ನು ತಿದ್ದಿದರೋ ಅವರೇ ಅದನ್ನು ಎತ್ತಿಕೊಳ್ಳಲಿಲ್ಲ.

ನಮ್ಮಲ್ಲೂ ಇಂಥದ್ದು ನಡೆದಿದೆ. ‘ಹರಿಜನ’ ಎಂಬ ಪದವನ್ನು ಗಾಂಧೀಜಿ 1930ರ ದಶಕದಲ್ಲಿ ಬಳಕೆಗೆ ತಂದದ್ದು ಗೌರವದಿಂದಲೇ. ಆದರೆ ಆ ಹೆಸರು ಹೊತ್ತವರು ಅದನ್ನು ಒಪ್ಪಲಿಲ್ಲ. 1982ರಲ್ಲಿ ಕೇಂದ್ರ ಸರ್ಕಾರವೇ ಪ್ರಮಾಣಪತ್ರಗಳಲ್ಲಿ ಆ ಪದ ಬೇಡವೆಂದು ತಿಳಿಸಿತು. ‘ಗಿರಿಜನ’ ಎಂಬುದು ಪ್ರಾಸದಲ್ಲೂ ಭಾವದಲ್ಲೂ ಅದರ ಜೊತೆಗೇ ನಿಲ್ಲುವ ಪದ. ಅದು ಕೀಳುಮಾತಲ್ಲ, ಕರುಣೆ ಇರುವ ಮಾತು. ಆದರೆ ಅದು ಹೊರಗಿನವರು ಕೊಟ್ಟ ಹೆಸರು.

ಐದು ಪದ, ಐದು ನೋಟ

ಇದೇ ಜನರಿಗೆ ಕನ್ನಡದಲ್ಲಿ ಕನಿಷ್ಠ ಐದು ಒಟ್ಟುಹೆಸರುಗಳು ಓಡಾಡುತ್ತಿವೆ. ಒಂದೊಂದೂ ಬೇರೆ ಬೇರೆ ಮಾತು ಹೇಳುತ್ತದೆ ಎಂಬುದನ್ನು ಗಮನಿಸಿ.

‘ಗಿರಿಜನ’ ಎಂಬುದು ವಾಸದ ಜಾಗವನ್ನು ಹೇಳುತ್ತದೆ, ಅದನ್ನೂ ಸರಿಯಾಗಿ ಹೇಳುವುದಿಲ್ಲ. ‘ವನವಾಸಿ’ ಎಂಬುದೂ ಜಾಗವನ್ನೇ ಹೇಳುತ್ತದೆ. ಕಾಡಿನಲ್ಲಿದ್ದಾರೆ ಎನ್ನುತ್ತದೆ, ಮೊದಲಿನಿಂದ ಇದ್ದಾರೆ ಎನ್ನುವುದಿಲ್ಲ. ‘ಆದಿವಾಸಿ’ ಎಂಬುದು ಕಾಲವನ್ನು ಹೇಳುತ್ತದೆ. ಇಲ್ಲಿ ಮೊದಲು ಇದ್ದವರು ನಾವು ಎಂಬ ಹಕ್ಕಿನ ದನಿ ಅದರಲ್ಲಿದೆ. ‘ಬುಡಕಟ್ಟು’ ಎಂಬುದು ಅಚ್ಚಗನ್ನಡ ಪದ. ಒಂದೇ ಬುಡದಿಂದ ಬಂದು ಒಂದು ಕಟ್ಟಿನಲ್ಲಿ ಬಾಳುವವರು ಎಂದು ನಂಟನ್ನು ಹೇಳುತ್ತದೆ. ‘ಪರಿಶಿಷ್ಟ ಪಂಗಡ’ ಎಂಬುದು ಜಾಗ, ಕಾಲ, ನಂಟು ಯಾವುದನ್ನೂ ಹೇಳುವುದಿಲ್ಲ. ಸರ್ಕಾರದ ಒಂದು ಪಟ್ಟಿಯಲ್ಲಿ ಹೆಸರಿದೆ ಎಂದಷ್ಟೇ ಹೇಳುತ್ತದೆ.

ಈ ಪದಗಳ ನಡುವಿನ ಜಗ್ಗಾಟ ಸಂವಿಧಾನ ಸಭೆಯಲ್ಲೇ ಕೇಳಿಬಂದಿತ್ತು. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಭಾರತದ ಹಾಕಿ ತಂಡದ ನಾಯಕರಾಗಿದ್ದ ಜೈಪಾಲ್ ಸಿಂಗ್ ಮುಂಡಾ ಆ ಸಭೆಯಲ್ಲಿ ಸದಸ್ಯರಾಗಿದ್ದರು. ತಮ್ಮ ಜನರನ್ನು ಆದಿವಾಸಿ ಎಂದೇ ಕರೆಯಬೇಕೆಂಬುದು ಅವರ ವಾದ. ಆದಿವಾಸಿ ಎಂಬುದು ಸಾಮಾನ್ಯ ಪದ, ಕಾನೂನಿನಲ್ಲಿ ಅದಕ್ಕೆ ಖಚಿತ ಅರ್ಥವಿಲ್ಲ, ಪಟ್ಟಿ ಮಾಡಿದ ಪಂಗಡ ಎಂದರೆ ಮಾತ್ರ ಅರ್ಥ ಖಚಿತವಾಗುತ್ತದೆ ಎಂಬುದು ಡಾ. ಅಂಬೇಡ್ಕರ್ ಅವರ ನಿಲುವು. ಇಬ್ಬರ ಮಾತಿನಲ್ಲೂ ತಿರುಳಿದೆ. ಒಬ್ಬರು ಹೆಸರಿನ ಮಾನವನ್ನು ನೋಡಿದರು, ಇನ್ನೊಬ್ಬರು ಹೆಸರಿನಿಂದ ಕೈಗೆ ಸಿಗುವ ಹಕ್ಕನ್ನು ನೋಡಿದರು. ಸಂವಿಧಾನದಲ್ಲಿ ಉಳಿದದ್ದು ಪಟ್ಟಿ. ಆ ಪಟ್ಟಿ ನಮ್ಮ ಸೀಮೆಯಲ್ಲಿ ಹೇಗೆ ಕೆಲಸ ಮಾಡುತ್ತದೆಂದು ಈಗ ನೋಡೋಣ.

ಪಟ್ಟಿಯಲ್ಲಿ ಇಲ್ಲದ ಒಂದು ಹೆಸರು

ಗಾವಡಗೆರೆ ಒಂದು ಹೋಬಳಿ ಕೇಂದ್ರ. ಅಲ್ಲಿಯ ರೈತರಾಗಲಿ ವಿದ್ಯಾರ್ಥಿಗಳಾಗಲಿ ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅರ್ಜಿ ಹಾಕುವುದು ವಾಡಿಕೆ. ಅರ್ಜಿಯಲ್ಲಿ ಜಾತಿಯ ಕಾಲಂ ಇದೆ. ನೀವು ಬರೆದ ಹೆಸರು ಪಟ್ಟಿಯ ಹೆಸರಿಗೆ ಹೊಂದಿದರೆ ಪ್ರಮಾಣಪತ್ರ ಬರುತ್ತದೆ. ಹೊಂದದಿದ್ದರೆ ನೀವು ಯಾರೇ ಆಗಿರಿ, ಅರ್ಜಿ ಅಲ್ಲೇ ನಿಲ್ಲುತ್ತದೆ.

ಬೆಟ್ಟಕುರುಬರಿಗೆ ಆದದ್ದು ಇದೇ. ಎಚ್.ಡಿ. ಕೋಟೆ, ಚಾಮರಾಜನಗರ, ಕೊಡಗಿನ ಕಾಡಂಚಿನಲ್ಲಿ ಇವರು ತಲೆಮಾರುಗಳಿಂದ ಇದ್ದಾರೆ. ಮೈಸೂರು ಸಂಸ್ಥಾನದ ಕಾಲದ ಗ್ರಂಥಗಳು ಕಾಡಿನ ಕುರುಬರನ್ನೆಲ್ಲ ‘ಕಾಡುಕುರುಬ’ ಎಂಬ ಒಂದೇ ತಲೆಬರಹದ ಕೆಳಗೆ ತಂದು, ಒಳಗೆ ಬೆಟ್ಟ ಮತ್ತು ಜೇನು ಎಂದು ವಿಂಗಡಿಸಿದ್ದವು. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ‘ಜೇನುಕುರುಬ’ ಇತ್ತು, ‘ಕಾಡುಕುರುಬ’ ಇತ್ತು. ಆದರೆ ‘ಬೆಟ್ಟಕುರುಬ’ ಎಂಬ ಪದ ಇರಲಿಲ್ಲ. ತಾವು ಹೇಳಿಕೊಳ್ಳುವ ಹೆಸರನ್ನೇ ನಿಜವಾಗಿ ಬರೆದವರಿಗೆ ಪ್ರಮಾಣಪತ್ರವಿಲ್ಲ. ಯಾರೋ ಇಟ್ಟ ಹೆಸರನ್ನು ಬರೆದವರಿಗೆ ಉಂಟು! 2022ರ ಡಿಸೆಂಬರ್‌ನಲ್ಲಿ ಸಂಸತ್ತು ತಿದ್ದುಪಡಿ ಮಸೂದೆಯೊಂದನ್ನು ಅಂಗೀಕರಿಸಿ, ‘ಕಾಡುಕುರುಬ’ದ ಪಕ್ಕದಲ್ಲಿ ‘ಬೆಟ್ಟಕುರುಬ’ ಎಂಬ ಹೆಸರನ್ನು ಸಮಾನಪದವಾಗಿ ಸೇರಿಸಿತು. ಸುಮಾರು 5,000 ಜನರಿಗೆ ಇದರಿಂದ ಅನುಕೂಲ ಎಂದು ಸರ್ಕಾರ ಸದನದಲ್ಲಿ ಹೇಳಿತು. ಒಂದು ಪದ ಸೇರಿಸಲು ಸ್ವಾತಂತ್ರ್ಯ ಬಂದು 75 ವರ್ಷ ಹಿಡಿಯಿತು.

ಅದರಿಂದ ಏನು ವ್ಯತ್ಯಾಸವೆಂದು ಕೇಳಿದರೆ, 2006ರ ಅರಣ್ಯ ಹಕ್ಕು ಕಾಯ್ದೆಯನ್ನು ನೋಡಿ. ಪರಿಶಿಷ್ಟ ಪಂಗಡದವರು ಕಾಡಿನ ಜಮೀನಿನ ಮೇಲೆ ಹಕ್ಕು ಕೇಳಬೇಕಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಅದು ತಮ್ಮ ಅನುಭವದಲ್ಲಿತ್ತು ಎಂದು ತೋರಿಸಬೇಕು. ಪಟ್ಟಿಯಲ್ಲಿ ಇಲ್ಲದವರು ‘ಇತರ ಪಾರಂಪರಿಕ ಅರಣ್ಯವಾಸಿಗಳು’ ಎನ್ನಿಸಿಕೊಳ್ಳುತ್ತಾರೆ. ಅವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿಯೇ ನೆಲೆಸಿದ್ದೇವೆ ಎಂದು ತೋರಿಸಬೇಕು. ಓದುಬರಹ ಇಲ್ಲದಿದ್ದ ಅಜ್ಜನ ಕಾಲಕ್ಕೆ ಈಗ ದಾಖಲೆ ಎಲ್ಲಿಂದ ತರುವುದು? ಒಂದೇ ಕಾಡು, ಒಂದೇ ಬದುಕು. ಕಾಲಂನಲ್ಲಿ ಬರೆದ ಹೆಸರೊಂದರಿಂದ ಭಾರ ಅಷ್ಟು ಹೆಚ್ಚುತ್ತದೆ.

ಇನ್ನೊಂದು ವಿಚಿತ್ರವನ್ನೂ ನೋಡಿ. ‘ಕುರುಬ’ ಎಂದೊಡನೆ ನಮ್ಮ ಬಯಲುಸೀಮೆಯವರಿಗೆ ಹೊಳೆಯುವುದು ಕುರಿ ಸಾಕುವ ಹಾಲುಮತದವರು. ಅವರು ಹಿಂದುಳಿದ ವರ್ಗಗಳ 2ಎ ಪ್ರವರ್ಗದಲ್ಲಿದ್ದಾರೆ. ಅವರಿಗೂ ಜೇನುಕುರುಬರಿಗೂ ಹೆಸರಿನ ಕೊನೆ ಒಂದೇ; ಬದುಕು, ನುಡಿ, ವರ್ಗ ಬೇರೆ. ಆದರೆ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಲ್ಲಿ ಕಾವೇರಿ ಸೇತುವೆ ದಾಟಿ ಕುಶಾಲನಗರಕ್ಕೆ ಕಾಲಿಟ್ಟರೆ ನೀವು ಕೊಡಗು ಜಿಲ್ಲೆಯಲ್ಲಿದ್ದೀರಿ. ಕೊಡಗಿನ ಮಟ್ಟಿಗೆ ‘ಕುರುಬ’ ಎಂಬ ಬರೀ ಹೆಸರೇ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದೆ. ಮೂರಕ್ಷರದ ಒಂದೇ ಪದಕ್ಕೆ ಸೇತುವೆಯ ಈ ತುದಿಯಲ್ಲಿ ಒಂದು ಅರ್ಥ, ಆ ತುದಿಯಲ್ಲಿ ಇನ್ನೊಂದು. ವರದಿ ಬರೆಯುವವರು ‘ಕುರುಬ ಸಮುದಾಯ’ ಎಂದು ಬರೆದು ಮುಂದೆ ಸಾಗಿದರೆ ಓದುಗರಿಗೆ ಯಾರೆಂದು ತಿಳಿಯುವುದು ಹೇಗೆ?

ಸರಾಸರಿಯ ಮರೆಯಲ್ಲಿ

ಒಟ್ಟುಹೆಸರಿನ ಇನ್ನೊಂದು ತೊಂದರೆ ಕಣ್ಣಿಗೆ ಕಾಣದು. ಲೆಕ್ಕ ಹಾಕಿದರೆ ಮಾತ್ರ ಕಾಣುತ್ತದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು ಸುಮಾರು 42 ಲಕ್ಷದ 49 ಸಾವಿರ. ಇವರಲ್ಲಿ ನಾಯಕ ಸಮುದಾಯದವರೇ ಸುಮಾರು 33 ಲಕ್ಷ. ವಾಲ್ಮೀಕಿ, ಬೇಡರ್ ಮುಂತಾದ ಹೆಸರುಗಳು 1991ರಲ್ಲಿ ನಾಯಕದ ಜೊತೆಗೆ ಪಟ್ಟಿಗೆ ಸೇರಿದ ಮೇಲೆ ಈ ಸಂಖ್ಯೆ ಬೆಳೆಯಿತು. ಜೇನುಕುರುಬರು ಸುಮಾರು 36 ಸಾವಿರ, ಅಂದರೆ ಒಟ್ಟಿನಲ್ಲಿ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ.

ಈಗ ‘ರಾಜ್ಯದ ಪರಿಶಿಷ್ಟ ಪಂಗಡದವರ ಸಾಕ್ಷರತೆ ನೂರಕ್ಕೆ 62’ ಎಂಬ ಅದೇ ಜನಗಣತಿಯ ಅಂಕಿಯನ್ನು ತೆಗೆದುಕೊಳ್ಳಿ. ಜೇನುಕುರುಬರಲ್ಲಿ ಒಬ್ಬರಿಗೂ ಓದು ಬಾರದು ಎಂದು ಊಹಿಸಿ ಒಮ್ಮೆ ಲೆಕ್ಕ ಮಾಡಿ. ಎಲ್ಲರಿಗೂ ಓದು ಬರುತ್ತದೆ ಎಂದು ಊಹಿಸಿ ಇನ್ನೊಮ್ಮೆ ಮಾಡಿ. ಎರಡು ಉತ್ತರಗಳ ನಡುವೆ ಒಂದು ಅಂಶದಷ್ಟೂ ಅಂತರ ಬರುವುದಿಲ್ಲ! ಅಂದರೆ ಆ 62 ಎಂಬ ಅಂಕಿಗೆ ಜೇನುಕುರುಬರ ಮಗು ಶಾಲೆಗೆ ಹೋದರೂ ಗೊತ್ತಾಗುವುದಿಲ್ಲ, ಬಿಟ್ಟರೂ ಗೊತ್ತಾಗುವುದಿಲ್ಲ. ಒಟ್ಟುಹೆಸರು ಸುಳ್ಳು ಹೇಳಲಿಲ್ಲ. ಆದರೆ ಕೇಳಬೇಕಾದ ದನಿ ಅದರಲ್ಲಿ ಮುಳುಗಿತು. ಇದರಲ್ಲಿ ನಾಯಕರ ತಪ್ಪೇನೂ ಇಲ್ಲ. ಅವರ ಕಷ್ಟ ಅವರದು, ಪಟ್ಟಿಯಲ್ಲಿನ ಅವರ ಜಾಗ ಅವರ ಹಕ್ಕು. ದೋಷವಿರುವುದು ಎರಡು ಬೇರೆ ಬದುಕುಗಳನ್ನು ಒಂದೇ ಅಂಕಿಯಲ್ಲಿ ಅಳೆಯುವ ನಮ್ಮ ಅಭ್ಯಾಸದಲ್ಲಿ. ಎಚ್.ಡಿ. ಕೋಟೆ ವಿಧಾನಸಭಾ ಕ್ಷೇತ್ರ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದೆ. ‘ಪಂಗಡಕ್ಕೆ ಪ್ರಾತಿನಿಧ್ಯ ಸಿಕ್ಕಿದೆ’ ಎಂದು ಬರೆದು ನಿಲ್ಲಿಸುವ ಮುನ್ನ ಆ ಪಂಗಡದೊಳಗೆ ಎಷ್ಟು ಬಗೆಯ ಜನರಿದ್ದಾರೆಂದು ಕೇಳಿಕೊಳ್ಳುವುದು ಒಳ್ಳೆಯದು.

ಸರ್ಕಾರಕ್ಕೂ ಇದರ ಅರಿವಿಲ್ಲದಿಲ್ಲ. ಪರಿಶಿಷ್ಟ ಪಂಗಡಗಳೊಳಗೇ ತೀರ ಹಿಂದೆ ಉಳಿದವರನ್ನು ಬೇರೆಯಾಗಿ ಗುರುತಿಸುವ ಕೆಲಸ 1975ರಲ್ಲಿ ಶುರುವಾಯಿತು. ದೇಶದಲ್ಲಿ ಅಂಥ 75 ಸಮುದಾಯಗಳಿವೆ. ಕರ್ನಾಟಕದಿಂದ ಅದರಲ್ಲಿರುವವರು ಜೇನುಕುರುಬರು ಮತ್ತು ಕರಾವಳಿಯ ಕೊರಗರು. ಮೊದಲು ಇವರಿಗೆ ಇಟ್ಟ ಇಂಗ್ಲಿಷ್ ಹೆಸರಿನಲ್ಲಿ ‘ಆದಿಮ’ ಎಂಬ ಅರ್ಥದ ಪದವಿತ್ತು. ಅದು ಅವಮಾನವೆನಿಸಿದ್ದರಿಂದ 2006ರಲ್ಲಿ ಅದನ್ನು ತೆಗೆದು ‘ವಿಶೇಷವಾಗಿ ದುರ್ಬಲ ಬುಡಕಟ್ಟು’ ಎಂದು ಮಾಡಿದರು. 2023ರ ನವೆಂಬರ್ 15ರಂದು ಆರಂಭವಾದ ‘ಪಿಎಂ ಜನ್‌ಮನ್’ ಯೋಜನೆ ಈ ಸಮುದಾಯಗಳಿಗಾಗಿಯೇ ಇರುವುದು. ಒಟ್ಟುಹೆಸರನ್ನು ಬಿಚ್ಚಿ ಒಳಗೆ ನೋಡಿದ್ದರಿಂದಲೇ ಇದು ಸಾಧ್ಯವಾಯಿತು.

ಒಟ್ಟುಹೆಸರು ಬೇಕಾಗುವುದು ಯಾವಾಗ?

ಹಾಗಾದರೆ ಈ ಒಟ್ಟುಹೆಸರುಗಳನ್ನೆಲ್ಲ ಬಿಟ್ಟುಬಿಡೋಣವೇ? ಅದೂ ಸರಿಯಾಗದು. 36 ಸಾವಿರ ಜನ ಒಬ್ಬೊಬ್ಬರಾಗಿ ಕೂಗಿದರೆ ವಿಧಾನಸೌಧಕ್ಕೆ ಕೇಳುವುದಿಲ್ಲ. 1990ರ ದಶಕದಲ್ಲಿ ನಾಗರಹೊಳೆ ಕಾಡಿನ ಒಳಗೆ ದೊಡ್ಡ ಹೋಟೆಲೊಂದರ ಕಟ್ಟಡ ಏಳತೊಡಗಿದಾಗ ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದ ಸಂಘಟನೆಯ ಹೆಸರು ‘ನಾಗರಹೊಳೆ ಬುಡಕಟ್ಟು ಜನರ ಹಕ್ಕುಸ್ಥಾಪನಾ ಸಮಿತಿ’. 1997ರಲ್ಲಿ ನ್ಯಾಯಾಲಯದ ತೀರ್ಪು ಬಂದು ಆ ಯೋಜನೆ ನಿಂತಿತು. ಅಲ್ಲಿ ‘ಬುಡಕಟ್ಟು ಜನ’ ಎಂಬ ಒಟ್ಟುಹೆಸರು ಬಲ ಕೂಡಿಸಿತು. ಅಮೆರಿಕದಲ್ಲೂ ಅಷ್ಟೇ: ನ್ಯೂಯಾರ್ಕಿನ ಪೋರ್ಟೊ ರಿಕೊದವರು, ಕ್ಯಾಲಿಫೋರ್ನಿಯಾದ ಮೆಕ್ಸಿಕೋ ಮೂಲದವರು ಒಂದು ಹೆಸರಿನ ಕೆಳಗೆ ನಿಂತಾಗಲೇ ಅವರ ಮತಕ್ಕೆ ತೂಕ ಬಂತು.

ಇಲ್ಲಿ ಒಂದು ಸೂಕ್ಷ್ಮವಿದೆ. ಒಳಗಿರುವವರು ತಾವಾಗಿ ಸೇರಿ ‘ನಾವು ಆದಿವಾಸಿಗಳು’ ಎಂದರೆ ಅದು ಒಗ್ಗಟ್ಟು. ಹೊರಗಿರುವವರು ‘ಯಾರೋ ಗಿರಿಜನರಂತೆ’ ಎಂದರೆ ಅದು ಬಿಡಿಸಿ ಕೇಳುವ ವ್ಯವಧಾನ ಇಲ್ಲದಿರುವುದು. ಪದ ಯಾವುದೆಂಬುದಕ್ಕಿಂತ, ಅದನ್ನು ಯಾರು, ಯಾವ ಕೆಲಸಕ್ಕಾಗಿ ಆಡುತ್ತಿದ್ದಾರೆ ಎಂಬುದು ಮುಖ್ಯ.

ನಮ್ಮ ವೃತ್ತಿಯಿಂದಲೇ ಒಂದು ಉದಾಹರಣೆ ಹೇಳುತ್ತೇನೆ. ದೂರದರ್ಶನದಲ್ಲಿ ಮಾತನಾಡುವವರ ಚಿತ್ರದ ಕೆಳಗೆ ಒಂದು ಹೆಸರುಪಟ್ಟಿ ಬರುವುದನ್ನು ನೀವು ನೋಡಿದ್ದೀರಿ. ವೈದ್ಯರು ಮಾತನಾಡಿದರೆ ಅವರ ಹೆಸರು, ಕೆಳಗೆ ಹುದ್ದೆ. ತಹಸೀಲ್ದಾರರು ಮಾತನಾಡಿದರೆ ಹೆಸರು, ಹುದ್ದೆ. ಹಾಡಿಯ ಹೆಣ್ಣುಮಗಳೊಬ್ಬಳು ಮಾತನಾಡಿದರೆ ಎಷ್ಟೋ ವಾಹಿನಿಗಳಲ್ಲಿ ಬರುವುದು ‘ಗಿರಿಜನ ಮಹಿಳೆ’ ಎಂಬ ಎರಡೇ ಪದ. ಆಕೆಗೆ ಹೆಸರಿಲ್ಲವೇ? ಹಾಡಿಗೆ ಹೆಸರಿಲ್ಲವೇ? ಹೆಸರುಪಟ್ಟಿಯಲ್ಲಿ ಜಾಗ ಇಬ್ಬರಿಗೂ ಸಮನಾಗಿಯೇ ಇರುತ್ತದೆ.

ಬರೆಯುವವರಿಗೆ, ಓದುವವರಿಗೆ ನಾಲ್ಕು ಮಾತು

ನೀವು ಶಾಲೆಯ ಪ್ರಬಂಧ ಬರೆಯುವ ವಿದ್ಯಾರ್ಥಿಯಾಗಿರಬಹುದು, ಸಂಘದ ವರದಿ ಬರೆಯುವ ಕಾರ್ಯದರ್ಶಿಯಾಗಿರಬಹುದು, ಪತ್ರಿಕೆಗೆ ಸುದ್ದಿ ಕಳಿಸುವ ಬಿಡಿ ವರದಿಗಾರರಾಗಿರಬಹುದು. ಈ ನಾಲ್ಕು ಸಂಗತಿಗಳನ್ನು ನೆನಪಿಡಿ.

ಒಂದು: ಒಬ್ಬ ವ್ಯಕ್ತಿಯ ಬಗ್ಗೆ ಬರೆಯುವಾಗ ಮೊದಲು ಅವರ ಹೆಸರು, ಊರು ಅಥವಾ ಹಾಡಿ. ಸಮುದಾಯದ ಮಾತು ಸುದ್ದಿಗೆ ಬೇಕಿದ್ದರೆ ಮಾತ್ರ ಬರಲಿ.

ಎರಡು: ಸಮುದಾಯವನ್ನು ಹೇಳಲೇಬೇಕಾದರೆ ಒಳಗಿನ ಹೆಸರನ್ನು ಹೇಳಿ. ‘ಗಿರಿಜನರು’ ಎನ್ನುವ ಬದಲು ‘ಜೇನುಕುರುಬರು’ ಎಂದರೆ ಒಂದೆರಡು ಅಕ್ಷರ ಹೆಚ್ಚಾಗಬಹುದು, ಅಷ್ಟೇ. ಯಾವ ಹೆಸರೆಂದು ಗೊತ್ತಿಲ್ಲದಿದ್ದರೆ ‘ನಿಮ್ಮನ್ನು ಏನೆಂದು ಬರೆಯಲಿ?’ ಎಂದು ಅವರನ್ನೇ ಕೇಳಿ. ಇದರಲ್ಲಿ ನಾಚಿಕೆಯಿಲ್ಲ.

ಮೂರು: ಹಲವು ಸಮುದಾಯಗಳು ಸೇರಿ ನಡೆಸುವ ಸಭೆ, ಹೋರಾಟಗಳಿಗೆ ಅವರು ಆರಿಸಿಕೊಂಡ ಒಟ್ಟುಹೆಸರನ್ನೇ ಬಳಸಿ. ಅವರು ಆದಿವಾಸಿ ಎಂದು ಫಲಕದಲ್ಲಿ ಬರೆದಿದ್ದರೆ ನೀವು ಗಿರಿಜನ ಎಂದು ತಿದ್ದಬೇಡಿ. ವಿಶ್ವಸಂಸ್ಥೆ 1994ರಲ್ಲಿ ಗೊತ್ತುಮಾಡಿದ ಆಗಸ್ಟ್ 9ರ ದಿನವನ್ನು ನಮ್ಮಲ್ಲಿ ವಿಶ್ವ ಆದಿವಾಸಿ ದಿನವೆಂದು ಆಚರಿಸುವುದು ಈ ಕಾರಣಕ್ಕೇ.

ನಾಲ್ಕು: ಕಾನೂನು, ಮೀಸಲಾತಿ, ಅಂಕಿಅಂಶದ ಮಾತು ಬಂದಾಗ ‘ಪರಿಶಿಷ್ಟ ಪಂಗಡ’ ಎಂದೇ ಬರೆಯಿರಿ. ಅದನ್ನು ‘ಗಿರಿಜನ’ಕ್ಕೆ ಸಮ ಎಂದು ತಿಳಿಯಬೇಡಿ. ಎರಡನ್ನೂ ಬೆರೆಸಿದರೆ ಅಂಕಿ ಒಬ್ಬರದು, ಹೆಸರು ಇನ್ನೊಬ್ಬರದು ಆಗುತ್ತದೆ.

ಓದುಗರಾದ ನಿಮಗೂ ಒಂದು ಕೆಲಸವಿದೆ. ಸುದ್ದಿಯಲ್ಲಿ ಒಟ್ಟುಹೆಸರು ಕಂಡ ಕೂಡಲೇ ‘ಇವರಲ್ಲಿ ಯಾರು?’ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳಿ. ಉತ್ತರ ಸುದ್ದಿಯೊಳಗೆ ಸಿಕ್ಕರೆ ಬರೆದವರು ಹಾಡಿಯವರೆಗೆ ನಡೆದು ಹೋಗಿದ್ದಾರೆ ಎಂದು ತಿಳಿಯಿರಿ. ಸಿಗದಿದ್ದರೆ ಅವರು ಹೆದ್ದಾರಿಯಿಂದಲೇ ನೋಡಿ ಹಿಂತಿರುಗಿದ್ದಾರೆ. ಆ ಸುದ್ದಿಯ ಕೆಳಗೆ ಸಂಪಾದಕರಿಗೆ ಪತ್ರ ಬರೆಯಲು ವಿಳಾಸವಿರುತ್ತದೆ. ಒಂದು ಅಂಚೆ ಕಾರ್ಡು ಸಾಕು.